ಉಸಿರಂಗಿ

ಕಂಪನಿ ನಾಟಕದಲ್ಲಿ ಸತ್ತವನನ್ನು ಎಬ್ಬಿಸಲು ಸಂಜೀವಿನಿ ಕಡ್ಡಿ ಬೇಕಾಗಿಲ್ಲ. ಹಿಂದಿನ ಗ್ಯಾಲರಿಯಲ್ಲಿ ಯಾರಾದರೊಬ್ಬ ಬಾಯಿಂದ ಬೀಡಿ ತೆಗೆದು "ಒನ್ಸ್ ಮೋರ್!" ಎಂದು ಕೂಗಿದರೆ ಸಾಕು. ಎದೆಗೆ ಗುಂಡು ಬಿದ್ದು ನೆಲಕ್ಕೊರಗಿದವನು ಎದ್ದು, ಧೂಳು ಕೊಡವಿಕೊಂಡು, ಮೊದಲು ನಿಂತಿದ್ದ ಜಾಗಕ್ಕೇ ಹೋಗಿ ನಿಂತು, ಅದೇ ಗುಂಡು ತಿಂದು ಮತ್ತೊಮ್ಮೆ ಸಾಯುತ್ತಾನೆ. ಕೇಳಿದವರಿಗೆ ನಗು ಬರಬಹುದು. ಆದರೆ ಅಲ್ಲಿ ಕುಳಿತು ನೋಡಿದವರಿಗೆ ಗೊತ್ತು: ಮೊದಲ ಸಾವಿಗೆ ಅತ್ತವರೇ ಎರಡನೆಯ ಸಾವಿಗೂ ಸೆರಗಿನ ತುದಿ ಹುಡುಕುತ್ತಾರೆ.

ಅರಳಿಕಟ್ಟಿ ಕಂಪನಿಯಲ್ಲಿ ಹಾಗೆ ಸಾಯುವುದರಲ್ಲಿ ಮೌನೇಶನನ್ನು ಮೀರಿಸಿದವರಿರಲಿಲ್ಲ. ಸಾಯುವುದನ್ನು ಅವನಿಗೆ ಕಲಿಸಿದವಳು ಅವನ ಅಕ್ಕ ಚಂಪಾ. ಕಂಪನಿಯವರಿಗೆಲ್ಲ ಅವಳು ಚಂಪಕ್ಕ. ತಾಯಿಯಿಲ್ಲದ ತಮ್ಮನನ್ನು ಬಣ್ಣದ ಪೆಟ್ಟಿಗೆಯ ಪಕ್ಕದಲ್ಲಿ ಮಲಗಿಸಿ, ಒಂದು ಕಣ್ಣು ಅವನ ಮೇಲೆ, ಇನ್ನೊಂದು ಕಣ್ಣು ರಂಗದ ಮೇಲೆ ಇಟ್ಟುಕೊಂಡು ಸಾಕಿದವಳು.

"ಸತ್ತ ಮ್ಯಾಲೆ ಎದಿ ಏರಿಳೀಬಾರದು, ತಿಳೀತಿಲ್ಲೊ?" ಎಂದು ಅವಳು ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಹೇಳಿಕೊಟ್ಟಿದ್ದಳು. "ಉಸರು ಇಲ್ಲೆ, ಹೊಕ್ಕಳದ ಕೆಳಗ ಇಟ್ಕೊ. ಕಿವಿ ಗ್ಯಾಲರಿ ಕಡೆ ಇರ್ಲಿ. ಒನ್ಸ್ ಮೋರ್ ಬಂತು, ಏಳು. ಬರಲಿಲ್ಲ, ಬಿದ್ಕೊಂಡಿರು."

"ಎಲ್ಲೀತನಕ ಬಿದ್ಕೊಂಡಿರ್ಲಿ?"

"ಮಂಗಳ ಆಗೂತನಕ. ಮಂಗಳ ಹಾಡಿ, ಸೀಟಿ ಊದಿ, ಪಡದೆ ಬಿತ್ತಂದ್ರ ಮುಗೀತು. ಆಮ್ಯಾಲೆ ಯಾವ ಮಹಾರಾಜ ಬಂದು ಒನ್ಸ್ ಮೋರ್ ಅಂದ್ರೂ ಏಳಬಾರದು."

"ನೀ ಅಂದ್ರ?"

"ನಾ ಅಂದ್ರೂ ಏಳಬಾರದು."

ಬೇರೆ ಕಂಪನಿಗಳಲ್ಲಿ ಸತ್ತ ಪಾತ್ರದವರೂ ಎದ್ದು ಬಂದು ಮಂಗಳಕ್ಕೆ ಸಾಲಾಗಿ ನಿಲ್ಲುತ್ತಿದ್ದರು. ಅರಳಿಕಟ್ಟಿಯವರದು ಮಾತ್ರ ಹಟದ ಪದ್ಧತಿ: ಸತ್ತವರು ಬಿದ್ದಲ್ಲೇ ಇರಬೇಕು, ಉಳಿದವರು ಅವರ ಸುತ್ತ ನಿಂತು ಹಾಡಬೇಕು. ಪಡದೆ ನೆಲ ಮುಟ್ಟಿದ ಮೇಲಷ್ಟೇ ಮೌನೇಶ ಹೊಟ್ಟೆಯಲ್ಲಿ ಬಚ್ಚಿಟ್ಟಿದ್ದ ಉಸಿರನ್ನು ಎದೆಗೆ ತಂದು, ದೊಡ್ಡದಾಗಿ ಬಿಟ್ಟು, "ಅಕ್ಕಾ, ಚಾ" ಎನ್ನುತ್ತಿದ್ದ.

ಇಂಥವನನ್ನು ಹುಡುಕಿಕೊಂಡು ನಿರಂಜನ ಬಂದ. ಮೈಸೂರು ಕಡೆಯವನು, ಹುಬ್ಬಳ್ಳಿಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಗಾಜಿನ ಕಟ್ಟಡವೊಂದರಲ್ಲಿ ಕುಳಿತು 'ಗಡಿಯಾಚೆ' ಎಂಬ ಯುದ್ಧದ ವಿಡಿಯೋ ಗೇಮ್ ಕಟ್ಟುತ್ತಿದ್ದ. ಕಣ್ಣಿಗೆ ಕನ್ನಡಕ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲಿ ಬಂದೂಕು ಹಿಡಿದು ಶತ್ರುಗಳನ್ನು ಹೊಡೆಯುವ ಆಟ. ಅವನ ನಾಲಿಗೆಯ ಮೇಲೆ ಒಂದೇ ಜಪ: ನೈಜತೆ. ಬಂದೂಕಿನ ಹಿನ್ನೂಕು ಭುಜಕ್ಕೆ ನಾಟಬೇಕು, ಗಾಳಿ ಬೀಸಿದರೆ ಗುಂಡು ಸೊಟ್ಟ ಹೋಗಬೇಕು, ಕೆಸರು ಬೂಟಿಗೆ ಅಂಟಬೇಕು. ಎಲ್ಲ ಆಯಿತು. ಆದರೆ ಗುಂಡು ತಿಂದ ಶತ್ರು ಮಾತ್ರ ಜೋಳದ ಚೀಲದ ಹಾಗೆ ದೊಪ್ಪನೆ ಬೀಳುತ್ತಿದ್ದ.

ಅದಕ್ಕೇ ಉಸಿರಂಗಿ ಮಾಡಿಸಿದ್ದು. ತೆಳ್ಳನೆಯ ಕರಿ ಬಟ್ಟೆಯ ಅಂಗಿ. ಒಳಮೈಯೆಲ್ಲ ಗಸಗಸೆ ಎರಚಿದಂತೆ ಸಣ್ಣ ಸಣ್ಣ ಚುಕ್ಕೆಗಳು. ತೊಟ್ಟವನ ಉಸಿರು, ನಾಡಿ, ಬೆವರು, ಮಾಂಸಖಂಡದ ಮಿಡಿತ, ಮಾತು ಗಂಟಲಿಗೆ ಬರುವ ಮೊದಲಿನ ನಡುಕ, ಎಲ್ಲವನ್ನೂ ಆ ಚುಕ್ಕೆಗಳು ಕುಡಿಯುತ್ತಿದ್ದವು. ವಾರಗಟ್ಟಲೆ ಕುಡಿದದ್ದರಿಂದ ಯಂತ್ರ ಒಂದು ಅಚ್ಚು ತೆಗೆಯುತ್ತಿತ್ತು. ಒಂದೇ ಅಚ್ಚಿನಿಂದ ಎಷ್ಟು ಬೇಕಾದರೂ ಬೆಲ್ಲ ಎರೆಯುವುದಿಲ್ಲವೆ, ಹಾಗೆ ಸಾವಿರ ಸೈನಿಕರನ್ನು ಎರೆಯಬಹುದು. ಮುಖ ಬೇರೆ, ಎತ್ತರ ಬೇರೆ. ಒಳಗೆ ಉಸಿರಾಡುವವನು ಒಬ್ಬನೇ. ಆ ಅಚ್ಚು ಒಂದೇ ಕಡೆ ಕುಳಿತು ಕಲಿಯುತ್ತಲೂ ಇರುತ್ತಿತ್ತು: ಲೋಕದ ಯಾವ ಮೂಲೆಯಲ್ಲಿ ಯಾರು ಆಡಿದರೂ ಅಲ್ಲಿ ಕಲಿತದ್ದು ಹರಿದು ಬಂದು ಅದಕ್ಕೇ ಸೇರುತ್ತಿತ್ತು.

ಒಂದೂವರೆ ತಿಂಗಳು ಮೌನೇಶ ಆ ಅಂಗಿ ತೊಟ್ಟು ಸತ್ತ. ಮನೆಗೆ ಬಂದು ರೊಟ್ಟಿ ಮುರಿಯುತ್ತ ದೂರುತ್ತಿದ್ದ. "ಅಕ್ಕಾ, ಅಲ್ಲೆ ಗ್ಯಾಲರೀನ ಇಲ್ಲವಾ. ಸತ್ತು ಬಿದ್ದಿರ್ತೀನಿ, ಯಾರೂ ಒಂದ್ ಮಾತ್ ಅನ್ನೂದಿಲ್ಲ. ಕಟ್ ಅಂತಾರ, ಅಷ್ಟ. ಮಂಗಳ ಇಲ್ಲದ ಆಟ. ಉಸರು ಹಂಗ ಹೊಟ್ಟ್ಯಾಗ ಉಳದಂಗ ಅನಸ್ತೈತಿ."

"ಹುಳಿ ಮಜ್ಜಿಗಿ ಕುಡಿ, ಹೋಗ್ತೈತಿ" ಎಂದು ಚಂಪಕ್ಕ ನಕ್ಕಿದ್ದಳು.

ಆ ಮಳೆಗಾಲದಲ್ಲಿ ಡೆಂಗಿ ಜ್ವರ ಬಂತು. ನಾಲ್ಕು ದಿನ. ನಿಜವಾದ ಸಾವಿನಲ್ಲಿ ಮೌನೇಶ ಅಕ್ಕನಿಂದ ಕಲಿತದ್ದನ್ನು ಒಂದೂ ಮಾಡಲಿಲ್ಲ. ಕೈ ಚಾಚಲಿಲ್ಲ, ಮಾತಾಡಲಿಲ್ಲ, ಮುಖವನ್ನು ಯಾರ ಕಡೆಗೂ ತಿರುಗಿಸಲಿಲ್ಲ. ಎದೆ ಏರಿಳಿಯುತ್ತಿತ್ತು, ಒಮ್ಮೆ ಇಳಿದದ್ದು ಮತ್ತೆ ಏರಲಿಲ್ಲ. ಚಂಪಕ್ಕ ಬಹಳ ಹೊತ್ತು ಅವನ ಹೊಟ್ಟೆಯ ಮೇಲೆ, ಹೊಕ್ಕಳದ ಕೆಳಗೆ, ಅಂಗೈ ಇಟ್ಟುಕೊಂಡೇ ಕುಳಿತಿದ್ದಳು.

*

ವರ್ಷ ತುಂಬುವ ಹೊತ್ತಿಗೆ ಕಂಪನಿ ಹುಬ್ಬಳ್ಳಿಯಲ್ಲೇ ಮತ್ತೊಮ್ಮೆ ಡೇರೆ ಹಾಕಿತ್ತು. ಒಂದು ಮಧ್ಯಾಹ್ನ ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ ತರಲೆಂದು ಪೇಟೆಗೆ ಹೊರಟ ಚಂಪಕ್ಕನ ಕಿವಿಗೆ ಮೊಬೈಲ್ ಅಂಗಡಿಯ ಮಹಡಿಯಿಂದ ಕೂಗು ಬಿತ್ತು. "ಒನ್ಸ್ ಮೋರ್! ಏ ಒನ್ಸ್ ಮೋರ್ ಲೇ!"

ಹಾಡುಹಗಲಲ್ಲಿ ಯಾರದಪ್ಪಾ ನಾಟಕ ಎಂದು ಅವಳು ಮೆಟ್ಟಿಲು ಹತ್ತಿದಳು. ಮೇಲೆ ನಾಟಕವಿರಲಿಲ್ಲ, ಗೇಮ್ ಆಡುವ ಅಂಗಡಿ. ಕಾಲೇಜು ಹುಡುಗರು ದೊಡ್ಡ ಪರದೆಯ ಸುತ್ತ ನೆರೆದಿದ್ದರು. ಒಬ್ಬ ಗುರುತು ಹಿಡಿದ.

"ಅಕ್ಕಾರ! ನೀವು ನಾಟಕದಾಗ ಗೌಡ್ತಿ ಪಾತ್ರ ಮಾಡ್ತೀರಲ್ಲರೀ? ಬರ್ರಿ, ನಿಮ್ಮದ ಆಟ ಇಲ್ಲೆ ನಡದೈತಿ!"

"ನಮ್ಮದೇನಪಾ?"

"ಒನ್ಸ್ ಮೋರ್ ರೀ! ಈ ಗಡಿಯಾಚೆ ಐತಲ್ಲ, ಇದರಾಗ ಸತ್ತಂವಗ ಒನ್ಸ್ ಮೋರ್ ಅಂದ್ರ ಎದ್ ಬರ್ತಾನ. ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮಂಜ್ಯಾ ಚ್ಯಾಷ್ಟಿಗೆ ಒಮ್ಮೆ ಮೈಕಿನಾಗ ಕೂಗಿದ, ಹೆಣ ಎದ್ದು ನಿಂತ್‌ಬಿಡ್ತು! ವಿಡಿಯೋ ಹಾಕಿದ್ವಿ. ಈಗ ಜಪಾನ್‌ದಾಗೂ ಒನ್ಸ್ ಮೋರ್ ಅಂತ ಒದರಾಕತ್ತಾರ."

ಪರದೆಯ ಮೇಲೆ ಗಡ್ಡದ ದಪ್ಪ ಸೈನಿಕನೊಬ್ಬ ಗುಂಡು ತಿಂದ. ಮೊದಲು ಬಲ ಮೊಣಕಾಲು ಊರಿದ. ಎಡಗೈ ಕುರುಡನ ಕೈಯಂತೆ ನೆಲ ಹುಡುಕಿತು. ಬೀಳುವಾಗ ಸೊಂಟದಿಂದ ಹೊರಳಿ ಮುಖವನ್ನು ಹೊಡೆದವನ ಕಡೆಗೇ ತಿರುಗಿಸಿದ. ಗ್ಯಾಲರಿಗೆ ಬೆನ್ನು ಹಾಕಿ ಸಾಯಬಾರದು ಎಂದು ಚಂಪಕ್ಕ ಕೋಲಿನಿಂದ ತಿವಿದು ಕಲಿಸಿದ ಹೊರಳು ಅದು.

"ನೋಡ್ರಿ, ಎಷ್ಟ್ ರಿಯಲ್ ಐತಿ!" ಎಂದ ಮಂಜ್ಯಾ. "ಕಣ್ಣಾಗ ಕಣ್ಣಿಟ್ಟ ಸಾಯ್ತಾನ ರೀ. ಒನ್ಸ್ ಮೋರ್!"

ಸೈನಿಕ ಎದ್ದ. ನಿಂತಿದ್ದ ಗುರುತಿಗೆ ಹೋದ. ಸತ್ತ. ಒನ್ಸ್ ಮೋರ್. ಎದ್ದ. ಈ ಸಲ ಕಾಲು ಸ್ವಲ್ಪ ಎಳೆಯುತ್ತಿತ್ತು. ಜನ ಸುಮ್ಮನಾಗದ ದಿನ ದಣಿದು ಹೋದ ಮೌನೇಶನ ಕಾಲು ಹೀಗೇ ಎಳೆಯುತ್ತಿತ್ತು. ಅಂಥ ದಿನ ಅವನು ಸತ್ತು ಬಿದ್ದಲ್ಲಿಂದಲೇ, ತುಟಿ ಅಲುಗಿಸದೆ, ಪಕ್ಕದ ಪಡದೆಯ ಮರೆಯಲ್ಲಿ ನಿಂತ ಅಕ್ಕನೊಡನೆ ಮಾತಾಡುತ್ತಿದ್ದ.

"ತಮ್ಮಾ, ಆ ಕಿವ್ಯಾಗಿಂದು ಒಂದೀಟು ಕೊಡು" ಎಂದಳು.

"ಬರೇ ಗುಂಡಿನ ಸಪ್ಪಳ ರೀ. ಸತ್ತ ಮ್ಯಾಲೆ ಅಂವ ಏನೋ ಗೊಣಗ್ತಾನ, ಯಾರ್ ಕೇಳ್ತಾರ."

ಹೆಡ್‌ಫೋನಿನಲ್ಲಿ ಗುಂಡಿನ ಮೊರೆತದ ಅಡಿಯಲ್ಲಿ, ತುಟಿ ಅಲುಗಿಸದ ಪಿಸುದನಿ. "ಅಕ್ಕಾ... ಇನ್ನೂ ಎಷ್ಟೊತ್ತವಾ?"

"ಒನ್ಸ್ ಮೋರ್!" ಎಂದು ಹುಡುಗರೆಲ್ಲ ಒಟ್ಟಿಗೇ ಕೂಗಿದರು. ಮೌನೇಶ ಎದ್ದ.

*

ಮರುದಿನ ಗಾಜಿನ ಕಟ್ಟಡದಲ್ಲಿ ನಿರಂಜನ ಅವಳನ್ನು ಮರ್ಯಾದೆಯಿಂದಲೇ ಕೂರಿಸಿದ. ಅವನ ಕಣ್ಣಿನ ಕೆಳಗೂ ಕಪ್ಪು ಕಟ್ಟಿತ್ತು.

"ಅಮ್ಮ, ಅದು ಮೌನೇಶ್ ಅಲ್ಲ. ಗ್ರಾಮಫೋನ್ ಪ್ಲೇಟಲ್ಲಿ ಹಾಡೋರು ಕೂತಿರ್ತಾರಾ ಹೇಳಿ? ಹಾಗೇ ಇದು."

"ಪ್ಲೇಟು 'ಇನ್ನೂ ಎಷ್ಟೊತ್ತು' ಅಂತ ಕೇಳ್ತೈತೇನ್ರಿ?"

ನಿರಂಜನನ ಪಕ್ಕ ನಿಂತಿದ್ದ ಕಂಟ್ರೋಲ್ ರೂಮಿನ ಫರ್ಹಾನಾ ತಲೆ ತಗ್ಗಿಸಿದಳು. ಹುಬ್ಬಳ್ಳಿಯದೇ ಹುಡುಗಿ, ಉಸಿರಂಗಿಯ ಲೆಕ್ಕವೆಲ್ಲ ಅವಳ ಕೈಯಲ್ಲಿತ್ತು. ಅವಳು ಚಂಪಕ್ಕನನ್ನು ಎಬ್ಬಿಸಿಕೊಂಡು ಹೋಗಿ ಗೋಡೆಯಗಲದ ಪರದೆ ತೋರಿಸಿದಳು. ಸಾವಿರಾರು ಹಸಿರು ಗೆರೆಗಳು, ಒಂದರ ಕೆಳಗೊಂದು.

"ಇವೆಲ್ಲ ಈಗ ಸತ್ತು ಬಿದ್ದೋರು ಅಕ್ಕಾರ. ಗೆರೆ ಸಪಾಟ ಆಗ್ಬೇಕಿತ್ತು. ನೋಡ್ರಿ, ಒಂದೂ ಆಗಿಲ್ಲ."

ಗೆರೆಗಳು ಕೆರೆಯ ನೀರಿನಂತೆ ಕಂಡೂ ಕಾಣದಂತೆ ಉಬ್ಬಿ ತಗ್ಗುತ್ತಿದ್ದವು. ಹೊಕ್ಕಳದ ಕೆಳಗಿನ ಉಸಿರು. ಚಂಪಕ್ಕ ಗೋಡೆಯ ಮೇಲೆ ಅಂಗೈ ಇಟ್ಟಳು.

"ಮಂಗಳಕ್ಕ ಕಾಯಾಕತ್ತಾನ" ಎಂದಳು.

"ಮೊದ್ಲ ನಾವು ಇದನ್ನ ತಪ್ಪು ಅಂತ ತಿದ್ದಾಕ ಹೋದ್ವಿ" ಎಂದಳು ಫರ್ಹಾನಾ. "ಅಚ್ಚಿಗೆ ಸಾವು ಕಲಸ್ಬೇಕಲ್ಲ? ಯಾರ್ ಕಲಸ್ತಾರ? ಅಂಗಿ ತೊಟ್ಟೋರು ಯಾರೂ ಸತ್ತೋರಲ್ಲ. ಫೌಜಿನಿಂದ ರಿಟೈರ್ ಆದ ಒಬ್ರು ಹವಾಲ್ದಾರ್ರನ್ನ ಕರಸಿದ್ವಿ. ಬಂದೂಕು ಖರೆ ಐತಿ, ಮಣ್ಣು ಖರೆ ಐತಿ, ವಾಸನಿ ಎಲ್ಲೈತಿ ಅಂದ್ರು. ಚಾ ಕುಡೀದ ಎದ್ದು ಹೋದ್ರು. ಸರ್ ಅದನ್ನೂ ಬರಕೊಂಡ್ರು: ವಾಸನೆ, ಮುಂದಿನ ಸಲ."

ಹಿಂದೆ ಬಂದು ನಿಂತಿದ್ದ ನಿರಂಜನ ಸಿಡುಕಲಿಲ್ಲ. "ಬರ್ಕೊಂಡೆ. ಮೂರು ವರ್ಷ ನೈಜತೆ ನೈಜತೆ ಅಂತ ಬಡ್ಕೊಂಡೆ ಅಮ್ಮ. ಗಾಳಿ ಲೆಕ್ಕ ಹಾಕ್ದೆ, ಗುಂಡಿನ ಬಿಸಿ ಲೆಕ್ಕ ಹಾಕ್ದೆ. ಯಾರೂ ಕೊಳ್ಳಲಿಲ್ಲ. ಸತ್ತೋನು ಎದ್ದು ನಿಂತ, ಲೋಕವೇ ಕೊಂಡ್ಕೊಳ್ತು. ಅವರಿಗೆ ಬೇಕಾಗಿದ್ದು ನೈಜವಾದ ಬಂದೂಕು, ನೈಜವಾದ ಸಾವಲ್ಲ. ಈಗ ಅಚ್ಚು ಅಳಿಸಿದ್ರೆ ಈ ಕಟ್ಟಡದಲ್ಲಿರೋ ಅಷ್ಟೂ ಜನ ಬೀದಿಗೆ ಬರ್ತಾರೆ. ನಾನೇನು ಮಾಡ್ಲಿ?"

"ನಮ್ಮಂವ ದಣದಾನ್ರಿ. ಕಾಲು ಎಳ್ಯಾಕತ್ತಾನ. ಕೂಗಿದವರು ಯಾರ ಇರ್ಲಿ, ಅಂವಗ ಒಲ್ಲೆ ಅನ್ನಾಕ ಬರೂದಿಲ್ಲ. ನಾನ ಕಲಿಸಿಲ್ಲ." ಅವಳು ಕೈ ಮುಗಿದಳು. ರಂಗದ ಮೇಲೆ ಸಾವಿರ ಸಲ ಮುಗಿದ ಕೈ. ಈಗ ಅದನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ. "ಕಾಲಿಗೆ ಬೀಳ್ತೀನ್ರಿ. ಬಿಟ್ಬಿಡ್ರಿ ಅಂವನ್ನ."

ನಿರಂಜನ ಗಾಬರಿಯಿಂದ ಹಿಂದೆ ಸರಿದ. ಆಮೇಲೆ, ಸಮಾಧಾನ ಹೇಳುವವನಂತೆ, ತನಗೆ ತಿಳಿದದ್ದನ್ನೇ ಹೇಳಿದ. "ನೀವೂ ಒಂದು ಸಲ ಅಂಗಿ ತೊಡಿ ಅಮ್ಮ. ಹೆಣದ ಮೇಲೆ ಬಿದ್ದು ಅಳೋ ಹೆಂಗಸಿನ ಪಾತ್ರ. ಮೌನೇಶ್ ಜೊತೆಗೇ ಇದ್ದ ಹಾಗೂ ಆಗುತ್ತೆ. ಇನ್ನೂ ನೈಜವಾಗಿರುತ್ತೆ."

ಚಂಪಕ್ಕ ತಿರುಗಿ ಹೊರಟಳು. ಗೇಟಿನ ಹತ್ತಿರ ಫರ್ಹಾನಾ ಓಡಿ ಬಂದು ತಡೆದಳು.

"ಅಕ್ಕಾರ, ಒಂದ್ ಮಾತು. ನೀವು ಅಂಗಿ ತೊಟ್ರ ಅಂವ ನಿಮ್ಮ ಉಸರು ಕೇಳ್ತಾನ. ಆಡೋರಿಂದ ಕಲಿಯೂಕಿಂತ ಜಲ್ದಿ, ಅಂಗಿ ತೊಟ್ಟೋರಿಂದ ಅಚ್ಚು ಕಲೀತೈತಿ. ನೀವು ಏನ್ ಕಲಿಸಿದ್ರೂ..." ಮಾತು ಅರ್ಧಕ್ಕೆ ನುಂಗಿ, ತಾನೇನು ಹೇಳಿಬಿಟ್ಟೆ ಎಂಬಂತೆ ಕಟ್ಟಡದ ಕಡೆ ತಿರುಗಿ ನೋಡಿದಳು.

*

ಡೇರೆಯ ಹಿಂದೆ ತಗಡಿನ ಕೋಣೆಯಲ್ಲಿ ಚಂಪಕ್ಕ ಒಲೆ ಹೊತ್ತಿಸಿ ಅದರ ಮೇಲೆ ಏನೂ ಇಡದೆ ಕುಳಿತಿದ್ದಳು. ಹಾರ್ಮೋನಿಯಂ ಪೇಟಿ ಬಾರಿಸುವ ಗುರುಸಿದ್ಧಪ್ಪ ಮಾಸ್ತರರು ಹೊಸ್ತಿಲಲ್ಲಿ ಕುಳಿತು, ಅಂಗಿ ತೊಟ್ಟು ತಮ್ಮನಿಗೆ ಮಂಗಳ ಹಾಡಿ ಬರುತ್ತೇನೆಂದ ಅವಳ ಮಾತನ್ನೆಲ್ಲ ಕೇಳಿಸಿಕೊಂಡರು. ಅರಳಿಕಟ್ಟಿ ಕಂಪನಿಯ ಮಂಗಳದ ಹಾಡು ಅವರೇ ಕಟ್ಟಿದ್ದು. ಪಡದೆಗೆ ಸೀಟಿ ಊದುವವರೂ ಅವರೇ.

"ಚಂಪಾ, ಸಾವಕಾಶ ವಿಚಾರ ಮಾಡು" ಎಂದರು. "ಈಗ ಅಂವನ ಧ್ವನಿ ಅರ ಐತಿ. ಮಂಗಳ ಹಾಡಿದಿ ಅಂದ್ರ ಅದೂ ಹೋತು. ನಾಳೆ ಕೇಳ್ಬೇಕು ಅನಿಸ್ತಂದ್ರ?"

"ಕೇಳ್ಬೇಕಂದ್ರ ಯಾರರ ಅಂವನ್ನ ಹೊಡೀಬೇಕಲ್ರಿ ಮಾಸ್ತರ."

ಮೂಲೆಯಲ್ಲಿ ಮೌನೇಶನ ಬೂಟುಗಳಿದ್ದವು. ಅವನ್ನು ಬೇರೆ ನಟನಿಗೆ ಕೊಡಲು ಅವಳಿಗೆ ಇನ್ನೂ ಮನಸ್ಸಾಗಿರಲಿಲ್ಲ.

"ಖರೆ ಹೇಳ್ಲೇನ್ರಿ?" ಎಂದಳು. "ನಿನ್ನೆ ಅಂವ ಅಕ್ಕಾ ಅಂದಾಗ ನನ್ನ ಜೀವ ತಣ್ಣಗಾತು. ಆ ಹುಡುಗ್ರು ಮತ್ತ ಒನ್ಸ್ ಮೋರ್ ಅನ್ಲಿ, ಮತ್ತೊಮ್ಮೆ ಅಂವ ಅಕ್ಕಾ ಅನ್ಲಿ ಅಂತ ಕಾಯ್ಕೋತ ನಿಂತಿದ್ದೆ. ಎಂಥಾ ಅಕ್ಕ ರೀ ನಾನು!"

ಮಾಸ್ತರರು ಕೊರಳಿನ ದಾರದಿಂದ ಹಿತ್ತಾಳೆಯ ಸೀಟಿ ಬಿಚ್ಚಿ ಅವಳ ಅಂಗೈಯಲ್ಲಿಟ್ಟರು. "ಬರೇ ಹಾಡಿದ್ರ ಅಂವ ನಂಬೂದಿಲ್ಲ. ಸೀಟಿ ಕೇಳ್ಬೇಕು" ಎಂದು ಹೇಳಿ, ಮುಖ ಆಚೆ ತಿರುಗಿಸಿಕೊಂಡರು.

*

ಹೆಣದ ಮೇಲೆ ಅಳುವ ಪಾತ್ರಕ್ಕೆಂದು ನಿರಂಜನ ಕೊಟ್ಟ ಉಸಿರಂಗಿ ತಣ್ಣಗಿತ್ತು, ಮೈಗೆ ಅಂಟಿದ ಮೇಲೆ ತೊಟ್ಟದ್ದೇ ಮರೆತುಹೋಯಿತು. ಕನ್ನಡಕ ಏರಿಸಿದೊಡನೆ ಗಾಜಿನ ಕಟ್ಟಡ ಅಳಿಸಿ ಯುದ್ಧದ ಬಯಲು ತೆರೆಯಿತು. ಸುಟ್ಟ ಗಿಡ, ಹೊಗೆ, ನಿರಂಜನನ ಪ್ರಾಣವಾದ ಕೆಸರು. ಎಲ್ಲೆಲ್ಲೂ ಹೆಣಗಳು, ಎಲ್ಲ ಮುಖಗಳೂ ಹೊಡೆದವನ ಕಡೆಗೆ. ಹತ್ತಿರದವನ ಪಕ್ಕ ಅವಳು ಮಂಡಿಯೂರಿದಳು. ಮೀಸೆ ಚಿಗುರದ ಯಾರದೋ ಮುಖ. ಹೊಟ್ಟೆಯ ಮೇಲೆ ಅಂಗೈ ಇಟ್ಟಳು.

ಕಿವಿಯಲ್ಲಿ ನಿರಂಜನನ ಧ್ವನಿ ಬಂತು. "ಚೆನ್ನಾಗಿದೆ ಅಮ್ಮ. ಈಗ ಅಳಿ."

ಅಳಲಿಲ್ಲ. ಬಗ್ಗಿ, ತುಟಿ ಅಲುಗಿಸದೆ, "ಮೌನ್ಯಾ" ಎಂದಳು.

ಉಸಿರು ಅಂಗೈಯ ಕೆಳಗೆ ಗಕ್ಕನೆ ನಿಂತಿತು. "ಅಕ್ಕಾ? ಎಲ್ಲಿದ್ದಿ ಇಷ್ಟೊತ್ತು?"

"ಇಲ್ಲೇ ಇದ್ನೆಪಾ. ಪಡದಿ ಮರಿಗೆ."

"ಭಾಳ ಮಂದಿ ಬಂದಾರೇನ?"

"ಭಾಳ. ಕಾಲಿಡಾಕ ಜಾಗಿಲ್ಲ."

"ಚಲೋ ಸತ್ತೆನಿಲ್ಲೊ?"

"ನಿನ್ನಂಗ ಯಾರೂ ಸತ್ತಿಲ್ಲೋ ನನ ರಾಜಾ."

"ಸಾಕಾಗೇತವಾ. ಬಿಡಾಕ ಒಲ್ಲರು."

"ಬಿಡ್ತಾರ. ಈಗ ಬಿಡ್ತಾರ. ಕೇಳು."

ಅವಳು ಎದ್ದು ನಿಂತು ಮಂಗಳ ಎತ್ತಿದಳು. ಪೇಟಿಯಿಲ್ಲ, ತಬಲವಿಲ್ಲ, ಜೊತೆಗೆ ನಿಲ್ಲುವ ರಾಜ ರಾಣಿಯರಿಲ್ಲ. "ಆಟ ಮುಗಿಯಿತು ಮಂಗಳಂ, ನೋಟ ತಣಿಯಿತು ಮಂಗಳಂ, ಹಚ್ಚಿದ ದೀಪಕೆ, ಮೆಚ್ಚಿದ ಜನಕೆ..." ಧ್ವನಿ ಒಡೆಯಿತು, ಒಡೆದ ಧ್ವನಿಯಲ್ಲೇ ಹಾಡಿದಳು.

"ಇದು ಬರೆದಿರ್ಲಿಲ್ವಲ್ಲ," ಎಂದ ನಿರಂಜನ, "ಇರ್ಲಿ, ಚೆನ್ನಾಗಿದೆ." ಆಮೇಲೆ ಕುರ್ಚಿ ಉರುಳಿದ ಸದ್ದು. "ಗೆರೆ ನೋಡು... ಫರ್ಹಾನಾ, ಗೆರೆ ನೋಡು! ನಿಲ್ಸು! ಕೈ ಬಟನ್ ಮೇಲೇ ಇದೆಯಲ್ಲ, ಒತ್ತು!"

ಫರ್ಹಾನಾಳ ಧ್ವನಿ ಬಂತು. "ಸರ್, ಮಂಗಳ ನಡುವ ನಿಲ್ಲಿಸಬಾರದು ರೀ."

ಚಂಪಕ್ಕ ಸೀಟಿ ಊದಿದಳು.

ಕಾಲ ಬುಡದಲ್ಲಿದ್ದವನ ಎದೆ ಏರಿತು. ಹೊಟ್ಟೆಯಲ್ಲಿ ಬಚ್ಚಿಟ್ಟಿದ್ದುದೆಲ್ಲ ಎದೆಗೆ ಬಂದು, ಅಂಗಿಯ ಗುಂಡಿಗಳು ಬಿಗಿಯಾಗಿ, ದೊಡ್ಡದಾಗಿ ಹೊರಬಿತ್ತು. ಅವನ ಆಚೆಯವನ ಎದೆ, ಅದರಾಚೆಯವನದು. ಜೋಳದ ಹೊಲದ ಮೇಲೆ ಗಾಳಿ ಹಾಯುವ ಹಾಗೆ ಬಯಲಿನುದ್ದಕ್ಕೂ ಎದೆಗಳು ಏರಿ, ಇಳಿದವು. ಮತ್ತೆ ಏರಲಿಲ್ಲ.

"ಎಲ್ಲಾ ಸಪಾಟ" ಎಂದು ಯಾರೋ ಪಿಸುಗುಟ್ಟಿದರು.

ಮೊಬೈಲ್ ಅಂಗಡಿಯ ಮಹಡಿಯಲ್ಲಿ, ಜಪಾನಿನಲ್ಲಿ, ಇನ್ನೂ ಎಲ್ಲೆಲ್ಲೋ ಜನ ಕೂಗುತ್ತಿದ್ದಿರಬೇಕು. ನಿರಂಜನನೂ ಮೈಕಿಗೆ ಬಾಯಿಟ್ಟು, ಗಂಟಲು ಹರಿಯುವಂತೆ, ಅಳುವವನಂತೆ ಕೂಗಿದ. "ಒನ್ಸ್ ಮೋರ್! ಒನ್ಸ್ ಮೋರ್!" ಬಯಲು ಮಿಸುಕಲಿಲ್ಲ. ಅವನ ಕೂಗೂ ನಿಂತಿತು.

ಚಂಪಕ್ಕ ಮತ್ತೆ ಮಂಡಿಯೂರಿ, ಹೊಕ್ಕಳದ ಕೆಳಗೆ ಅಂಗೈ ಇಟ್ಟಳು. ಏನೂ ಇರಲಿಲ್ಲ. ಒಂದು ವರ್ಷದ ಹಿಂದೆಯೂ ಹೀಗೇ ಏನೂ ಇರಲಿಲ್ಲ. ಇನ್ನು ಯಾವ ಪರದೆಯ ಹಿಂದೆಯೂ, ಯಾವ ಗುಂಡಿನ ಸದ್ದಿನ ಅಡಿಯಲ್ಲೂ, ಅಕ್ಕಾ ಎಂಬ ಮಾತು ಇರುವುದಿಲ್ಲ. ಅವಳು ಬೇಡಿ ಬಂದದ್ದು ಇದನ್ನೇ. ಇದನ್ನು ತಾಳುವುದು ಹೇಗೆಂದು ಮಾತ್ರ ಯಾರೂ ಅವಳಿಗೆ ಕಲಿಸಿರಲಿಲ್ಲ.

ಸುತ್ತಲೂ ನೋಡಿದಳು. ಬಗ್ಗಿ, ಆ ಗುರುತಿಲ್ಲದ ಮುಖದ ಕಿವಿಗೆ ತುಟಿ ಹಚ್ಚಿದಳು. ಹುಟ್ಟಿದಾಗಿನಿಂದ ರಂಗದ ಮೇಲೇ ಇದ್ದವಳು, ಗ್ಯಾಲರಿಯವರ ಆ ಮಾತನ್ನು ಜನ್ಮದಲ್ಲಿ ಒಮ್ಮೆಯೂ ಆಡಿದವಳಲ್ಲ.

"ಒನ್ಸ್ ಮೋರ್" ಎಂದಳು. "ಮೌನ್ಯಾ, ನಾನೋ. ಒಂದ ಸಲ."

ಮೌನೇಶ ಏಳಲಿಲ್ಲ. ಅಕ್ಕ ಕಲಿಸಿದ್ದನ್ನು ಅವನು ಯಾವತ್ತೂ ಮರೆತವನಲ್ಲ.